ಟೊಮೆಟೊ ಬಿಟ್ಟ ಅವ್ವನಿಗೊಂದು ಪಿಜ್ಜಾ

ಪಿಜ್ಜಾ ಮಾಡುವುದು ಕಷ್ಟವೇನಲ್ಲ ಎಂಬ ಮಾತನ್ನು ನಾನು ಒಂದು ಶನಿವಾರ ಸಂಜೆ, ಚಾಮರಾಜನಗರದ ನಮ್ಮ ಬಾಡಿಗೆ ಮನೆಯ ಹಜಾರದಲ್ಲಿ ಕಾಲು ಚಾಚಿ ಕೂತು, ಹೆಂಡತಿಗೂ ಅವ್ವನಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದೆ. ಕೈಯಲ್ಲಿದ್ದ ಮೊಬೈಲಿನಲ್ಲಿ ಗಡ್ಡದ ಮನುಷ್ಯನೊಬ್ಬ ಆಗಷ್ಟೇ ನಗುನಗುತ್ತಾ ಪಿಜ್ಜಾ ಮಾಡಿ ಮುಗಿಸಿದ್ದ. ಹಿಟ್ಟು ಕಲಸಿದ, ತಟ್ಟಿದ, ಮೇಲೆ ಏನೇನೋ ಉದುರಿಸಿದ, ಒಳಗಿಟ್ಟ, ಹೊರಗೆ ತೆಗೆದ. ರೊಟ್ಟಿ ತಟ್ಟುವ ಸೀಮೆಯಲ್ಲಿ ಹುಟ್ಟಿದವನು ಇದಕ್ಕೆಲ್ಲ ಹೆದರುತ್ತಾನೆಯೇ?

"ನೀವ್ ಇವತ್ಗಂಟ ಒಂದಾದ್ರೂ ರೊಟ್ಟಿ ತಟ್ಟಿದ್ದೀರಾ?" ಎಂದಳು ಸವಿತಾ. ಸವಿತಾ ನನ್ನ ಹೆಂಡತಿ, ಗುಂಡ್ಲುಪೇಟೆ ಕಡೆಯ ಭೀಮನಬೀಡಿನವಳು. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಅಭ್ಯಾಸ ಅವಳಿಗಿಲ್ಲ. ಕೇಳಿದವಳೇ ಅಡುಗೆಮನೆಗೆ ಹೋದಳು.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಯಾರ ಕೈಯಲ್ಲೂ ಬೇಯದ ಕಡತಗಳನ್ನು ವರ್ಷಗಟ್ಟಲೆ ಮೇಜಿನ ಮೇಲಿಟ್ಟು ಬೇಯಿಸಿದವನು. ಒಂದು ರೊಟ್ಟಿ ಬೇಯಿಸಲಾರೆನೇ ಎಂದು ನನ್ನ ಲೆಕ್ಕ.

ಇಷ್ಟಕ್ಕೂ ಈ ಪಿಜ್ಜಾ ನನಗಾಗಿ ಅಲ್ಲ, ಅವ್ವನಿಗಾಗಿ. ಅದೂ ಟೊಮೆಟೊ ಸಾಸ್ ಇಲ್ಲದ ಪಿಜ್ಜಾ. ಯಾಕೆ ಎನ್ನುವುದನ್ನು ತಿಳಿಯಬೇಕಾದರೆ ಒಂದು ಸಲ ಕಾಶಿಗೆ ಹೋಗಿ ಬರಬೇಕು.

ಹೋದ ವರ್ಷದ ಹಿಂದಿನ ವರ್ಷ ನಮ್ಮೂರು ಉಮ್ಮತ್ತೂರಿನ ಹೆಂಗಸರು ಗುಂಪು ಕಟ್ಟಿಕೊಂಡು ಕಾಶಿಗೆ ಹೊರಟರು. ಅವ್ವನೂ ಸೇರಿಕೊಂಡಳು. ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಅಲ್ಲೇ ಬಿಟ್ಟು ಬರಬೇಕು, ಮತ್ತೆ ಬದುಕಿರುವ ತನಕ ಅದನ್ನು ತಿನ್ನಬಾರದು ಎಂಬುದು ಪದ್ಧತಿ. ಗಂಗೆಯಲ್ಲಿ ಸೊಂಟದ ಮಟ್ಟ ನಿಂತಾಗ ಪುರೋಹಿತರು ಒಬ್ಬೊಬ್ಬರನ್ನೇ ಕೇಳಿದರಂತೆ. ನಮ್ಮೂರಿನವರು ಜಾಣೆಯರು. ಒಬ್ಬಾಕೆ ಹಾಗಲಕಾಯಿ ಬಿಟ್ಟಳು. ಇನ್ನೊಬ್ಬಾಕೆ ಮೈಸೂರಿನ ಅಂಗಡಿಯಲ್ಲಿ ದೂರದಿಂದ ನೋಡಿದ್ದ ಕಿವಿ ಹಣ್ಣನ್ನು ಬಿಟ್ಟಳು. ಬಾಯಲ್ಲಿ ಒಂದೂ ಹಲ್ಲಿಲ್ಲದ ಮುದುಕಿ ಕಬ್ಬು ಬಿಟ್ಟಳು. ಅವ್ವ ಟೊಮೆಟೊ ಬಿಟ್ಟು ಬಂದಳು!

"ಅಲ್ಲ ಕನವ್ವ, ಬುಡಕ್ಕೆ ಬೇರೆ ಏನೂ ಸಿಗ್ನಿಲ್ವಾ?" ಎಂದು ನಾನು ಕೇಳಿದ್ದೆ.

"ಇಷ್ಟವಾದ್ದ ಬುಡಿ ಅಂದ್ರು ಕಣಪ್ಪ. ನಂಗೆ ಟಮಟೆ ಗೊಜ್ಜು ಅಂದ್ರೆ ಪ್ರಾಣ. ಗಂಗೇಲಿ ನಿಂತ್ಕಂಡು ಸುಳ್ ಹೇಳನಾ?"

ನಮ್ಮ ಕಡೆ ಟೊಮೆಟೊ ಬಿಟ್ಟು ಬದುಕುವುದು ಹುಡುಗಾಟವಲ್ಲ. ಸಾರಿಗೆ ಟೊಮೆಟೊ, ಪಲಾವಿಗೆ ಟೊಮೆಟೊ, ಚಿತ್ರಾನ್ನ ಬೇಡ ಎಂದರೆ ಟೊಮೆಟೊ ಬಾತು. ಮದುವೆಮನೆಗೆ ಹೋದರೆ ಅವ್ವ ಪಾಯಸ, ಹಪ್ಪಳ, ಮಜ್ಜಿಗೆ ಅನ್ನ ಇಷ್ಟರಲ್ಲೇ ಎದ್ದು ಬರುತ್ತಾಳೆ. ಬಡಿಸುವವರು ಸಾರಿನ ಬಕೆಟ್ ಹಿಡಿದು ಬಂದರೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುತ್ತಾಳೆ. ಒಂದು ದಿನ ಗೊಣಗಿದ್ದಿಲ್ಲ. ಒಂದು ಬೀಜ ಬಾಯಿಗೆ ಹೋದದ್ದಿಲ್ಲ. ಆ ನೇಮವನ್ನು ಅವ್ವ ಅಷ್ಟು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದಳು, ನೋಡಿದರೆ ನನಗೆ ಹೆಮ್ಮೆಯೂ ಆಗುತ್ತಿತ್ತು, ಅಯ್ಯೋ ಅಂತಲೂ ಅನ್ನಿಸುತ್ತಿತ್ತು.

ಹೀಗಿರುವಾಗ ಮೈಸೂರಿನಲ್ಲಿ ನನ್ನ ತಂಗಿಯ ಮನೆಗೆ ಹೋದೆವು. ಅಲ್ಲಿ ಪಿಜ್ಜಾ ತರಿಸಿದರು. ಎಲ್ಲರೂ ಒಂದೊಂದು ತುಂಡು ಹಿಡಿದು ಎಳೆದೆಳೆದು ತಿಂದೆವು. ಅವ್ವ "ಟಮಟೆ ಹಾಕವ್ರಾ?" ಎಂದು ಕೇಳಿ, ಹೌದು ಎಂದ ಮೇಲೆ ಎರಡು ಬಾಳೆಹಣ್ಣು ತಿಂದು ಸುಮ್ಮನೆ ನಮ್ಮ ಬಾಯಿ ನೋಡುತ್ತಾ ಕೂತಳು. ವಾಪಸ್ ಬರುವಾಗ ಬಸ್ಸು ನಂಜನಗೂಡು ದಾಟಿರಬೇಕು, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

"ಅದೇನ್ಲಾ ಅದು, ನೂಲ್ ಎಳ್ದಂಗೆ ಎಳೀತಿತ್ತಲ್ಲ. ಒಂದ್ಸಲ ತಿಂದ್ ನೋಡ್ಬೇಕಿತ್ತು ಕಣಪ್ಪ."

ಅವ್ವ ನನ್ನನ್ನು ಇದು ಬೇಕು ಅಂತ ಬಾಯಿಬಿಟ್ಟು ಕೇಳಿದವಳಲ್ಲ. ಸೀರೆ ತಂದರೆ ಇದ್ಯಾಕೆ ಎನ್ನುವವಳು, ಚಪ್ಪಲಿ ತಂದರೆ ಹಳೇದೇ ಸವೆದಿಲ್ಲ ಎನ್ನುವವಳು. ಅಂಥವಳಿಗೆ ಒಂದು ಆಸೆ ಹುಟ್ಟಿತ್ತು. ನೇಮವೂ ಕೆಡಬಾರದು, ಆಸೆಯೂ ತೀರಬೇಕು. ಮೇಲ್ಕಂಡ ಎರಡೂ ಅಂಶಗಳನ್ನು ಗಮನದಲ್ಲಿಟ್ಟುಕೊಂಡು ಟೊಮೆಟೊ ಸಾಸ್ ಇಲ್ಲದ ಪಿಜ್ಜಾವನ್ನು ಸ್ವಗೃಹದಲ್ಲಿಯೇ ತಯಾರಿಸುವುದೆಂದು ನಾನು ತೀರ್ಮಾನ ಕೈಗೊಂಡೆ.

ಭಾನುವಾರ ಬೆಳಿಗ್ಗೆ ಎದ್ದವನೇ ಚೀಸ್ ತರಲು ಗುಂಡ್ಲುಪೇಟೆ ಬಸ್ ಹತ್ತಿದೆ. ನಮ್ಮ ಬೀದಿಯ ಅಂಗಡಿಯಲ್ಲಿದ್ದದ್ದು ಬ್ರೆಡ್ಡಿನ ನಡುವೆ ಇಡುವ ಚೌಕದ ಚೀಸು. ಅದು ನೂಲೆಳೆಯುವ ಜಾತಿಯದಲ್ಲ, ಅದಕ್ಕೆ ಮೊಜರೆಲ್ಲ ಎಂಬ ಚೀಸೇ ಆಗಬೇಕು ಎಂದು ಗಡ್ಡದವನು ಹೇಳಿದ್ದ. ಊಟಿಗೆ ಹೋಗುವ ಕಾರಿನವರೆಲ್ಲ ಗುಂಡ್ಲುಪೇಟೆಯಲ್ಲಿ ಇಳಿದು ಸಾಮಾನು ತುಂಬಿಕೊಳ್ಳುತ್ತಾರೆ, ಅಲ್ಲಿ ಸಿಗದ ವಸ್ತುವೇ ಇಲ್ಲ ಎಂದು ಸವಿತಾ ತನ್ನ ತವರಿನ ಪೇಟೆಯನ್ನು ಹೊಗಳಿ ಕಳಿಸಿದ್ದಳು.

ಅಂಗಡಿಗೆ ಹೋಗಿ, "ಮೊಜರೆಲ್ಲ ಇದೆಯಾ?" ಎಂದೆ.

"ಮೊಸರೆಲ್ಲ ಖಾಲಿ ಆಯ್ತು ಸಾರ್. ಹಾಲದೆ, ಕೊಡ್ಲಾ?" ಎಂದ ಅಂಗಡಿಯವನು.

"ಮೊಸರಲ್ಲ ಕಣ್ರಿ. ಮೊಜರೆಲ್ಲ."

"ಮೊಸರಲ್ಲ ಅಂದ್ರೆ? ಮಜ್ಜಿಗೆನಾ?"

ಹಿಂದೆ ನಿಂತಿದ್ದವರು ನನ್ನನ್ನು ತಿರುಗಿ ನೋಡತೊಡಗಿದರು. ಕೊನೆಗೆ ನಾನೇ ಫ್ರಿಜ್ಜಿನ ಗಾಜಿಗೆ ಮೂಗು ಒತ್ತಿ ಹುಡುಕಿ, ಬೆರಳು ತೋರಿಸಿ, ಬಿಳಿಯ ಗಟ್ಟಿಯೊಂದನ್ನು ಕೊಂಡೆ. "ಚೀಸ್ ಅಂತ ಹೇಳ್ಬಾರ್ದಾ ಸಾರ್," ಎಂದು ಅವನು ಬೇಸರದಿಂದ ಹೇಳಿದ. ಅದೂ ನಿಜವೇ.

ಬರುವಾಗ ಬಸ್ಸಿನಲ್ಲಿ ಬಿಸಿಲ ಕಡೆಯ ಸೀಟು ಸಿಕ್ಕಿತು. ಚೀಲವನ್ನು ಭದ್ರವಾಗಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಚಾಮರಾಜನಗರ ಬರುವಷ್ಟರಲ್ಲಿ ಸದರಿ ಚೀಸು ನನ್ನ ತೊಡೆಯ ಆಕಾರಕ್ಕೆ ಬಂದಿತ್ತು. ಮನೆಗೆ ತಂದು ಬಿಚ್ಚಿದಾಗ ಅವ್ವ ಬಂದು ಬಗ್ಗಿ ನೋಡಿದಳು.

"ಏನ್ಲಾ ಇದು?"

"ಚೀಸ್ ಕನವ್ವ. ನಮ್ ಗಿಣ್ಣು ಇದ್ದಂಗೆ."

"ಗಿಣ್ಣಾ? ಯಾರ್ ಮನೆ ಹಸ ಈಯ್ತು?"

"ಯಾರ್ ಮನೇದೂ ಈಯ್ನಿಲ್ಲ. ಅಂಗ್ಡೀಲಿ ತಂದೆ."

ಹಸು ಕರು ಹಾಕಿದಾಗ ಮೊದಲ ಹಾಲಿನಲ್ಲಿ ಮಾಡುವ ಗಿಣ್ಣನ್ನು ನಮ್ಮಲ್ಲಿ ನೆರೆಹೊರೆಗೆ ಹಂಚುತ್ತಾರೆಯೇ ಹೊರತು ಮಾರುವುದಿಲ್ಲ. ಅವ್ವ ಗಲ್ಲಕ್ಕೆ ಕೈ ಇಟ್ಟುಕೊಂಡು, "ಗಿಣ್ಣ ಮಾರ ಕಾಲ ಬಂತಾ," ಎಂದು ಹೊರಗೆ ಹೋಗಿ ಕೂತಳು. ಚೀಸನ್ನು ಮತ್ತೆ ಗಟ್ಟಿಯಾಗಲಿ ಎಂದು ಫ್ರಿಜ್ಜಿಗೆ ಹಾಕಿದೆ.

ಈಗ ಸಾಸಿನ ವಿಷಯ. ಸವಿತಾ ಒಂದು ಸಲಹೆ ಕೊಟ್ಟಳು. "ಈರುಳ್ಳಿ, ದಪ್ಪ ಮೆಣಸಿನ್ಕಾಯಿ ಹಾಕಿ, ಮ್ಯಾಲೆ ಚೀಸ್ ಉದುರ್ಸಿ ಬೇಯ್ಸಿ. ಸಾಸ್ ಯಾತಕ್ಕೆ? ಸಾಸ್ ಇಲ್ದಿದ್ರೆ ಏನ್ ಗಂಟಲ್ಲಿ ಇಳಿಯಲ್ವಾ?"

ಈಗ ಕೂತು ಯೋಚಿಸಿದರೆ ಅಷ್ಟು ಮಾಡಿದ್ದರೆ ಸಾಕಾಗಿತ್ತು. ಆದರೆ ಸಾಸೇ ಪಿಜ್ಜಾದ ಜೀವ ಎಂದು ಗಡ್ಡದವನು ಹೇಳಿದ್ದ. ಸವಿತಾಳ ಸಲಹೆಯನ್ನು ಕೂಲಂಕಷವಾಗಿ ಪರಿಶೀಲಿಸಿ ತಿರಸ್ಕರಿಸಲಾಯಿತು. ಟೊಮೆಟೊ ಎಂದರೇನು? ಬಣ್ಣಕ್ಕೆ ಕೆಂಪು, ರುಚಿಗೆ ಹುಳಿ, ಒಳಗೆ ಮೆತ್ತಗೆ. ಕೆಂಪಿಗೆ ಬೀಟ್‌ರೂಟ್ ಇದೆ, ಹುಳಿಗೆ ಹುಣಸೆಹಣ್ಣಿದೆ, ಮೆತ್ತಗಿರುವುದಕ್ಕೆ ಸಿಹಿಕುಂಬಳಕಾಯಿ ಇದೆ. ಮೂರನ್ನೂ ಬೇಯಿಸಿ ರುಬ್ಬಿದರೆ ದೇವರೇ ಬಂದರೂ ವ್ಯತ್ಯಾಸ ಹೇಳಲಾರ!

ಬೇಯಿಸಿ ರುಬ್ಬಿದೆ. ಬಾಣಲೆಗೆ ಹಾಕಿ ಕುದಿಸಿದೆ. ರುಚಿ ನೋಡಿದರೆ ಹುಳಿ ಹೆಚ್ಚಾಗಿತ್ತು, ಬೆಲ್ಲ ಹಾಕಿದೆ. ಸಿಹಿ ಹೆಚ್ಚಾಯಿತು, ಖಾರದ ಪುಡಿ ಹಾಕಿದೆ. ಖಾರ ಹೆಚ್ಚಾಯಿತು, ಉಪ್ಪು ಹಾಕಿದೆ. ಉಪ್ಪು ಹೆಚ್ಚಾಯಿತು, ಇನ್ನಷ್ಟು ಹುಣಸೆಹಣ್ಣು ಹಿಂಡಿದೆ. ಹೀಗೆ ಪ್ರದಕ್ಷಿಣೆ ಹಾಕುತ್ತಾ ಹಾಕುತ್ತಾ ಬಾಣಲೆ ತುಂಬಿತು. ಬಣ್ಣ ಕೆಂಪೂ ಅಲ್ಲದ ಕಪ್ಪೂ ಅಲ್ಲದ ಒಂದು ಸ್ಥಿತಿಗೆ ಬಂತು. ಗೋಡೆಯ ಮೇಲೆ ಬೀಟ್‌ರೂಟ್ ಹಾರಿ, ಅಡುಗೆಮನೆಯಲ್ಲಿ ಕೋಳಿ ಕೊಯ್ದ ಹಾಗೆ ಕಾಣುತ್ತಿತ್ತು.

ಹಜಾರದಿಂದ ಅವ್ವನ ದನಿ ಬಂತು. "ಪುಳಿಯೋಗರೆ ಗೊಜ್ಜೇನ್ಲಾ? ಎಳ್ ಪುಡಿ ಹಾಕ್ದಾ?"

ಸವಿತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಹೋದಳು.

ಹಿಟ್ಟಿನ ಕಥೆ ಬೇರೆ. ಹಿಟ್ಟು ಉಬ್ಬುವುದಕ್ಕೆ ಈಸ್ಟ್ ಹಾಕಬೇಕು ಎಂದು ವಿಡಿಯೋದಲ್ಲಿತ್ತು. ಎಷ್ಟು ಎಂದು ಹೇಳಿದಾಗ ನಾನು ಗಡ್ಡದವನ ಕೈಚಳಕ ನೋಡುತ್ತಿದ್ದೆ. ಉಬ್ಬಲಿ ಎಂದೇ ಹಾಕುವುದಲ್ಲವೇ, ಹೆಚ್ಚು ಹಾಕಿದರೆ ಹೆಚ್ಚು ಉಬ್ಬುತ್ತದೆ ಎಂದುಕೊಂಡು ಪೊಟ್ಟಣ ಪೂರ್ತಿ ಸುರಿದೆ. ಬೆಚ್ಚಗಿನ ನೀರು ಹಾಕಿ ಕಲಸಿ, ಪಾತ್ರೆಗೆ ತಟ್ಟೆ ಮುಚ್ಚಿ, ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಟ್ಟು, ಒಂದು ಸಣ್ಣ ನಿದ್ದೆ ತೆಗೆದೆ.

ಎಬ್ಬಿಸಿದ್ದು ಅವ್ವ. "ಏಳ್ಲಾ ಮಾದೇಸ, ನಿನ್ ಹಿಟ್ಗೆ ದೇವ್ರು ಬಂದದೆ."

ಎದ್ದು ನೋಡಿದರೆ ಹಿಟ್ಟು ತಟ್ಟೆಯನ್ನು ನೆಲಕ್ಕೆ ಬೀಳಿಸಿ, ಪಾತ್ರೆಯ ಅಂಚು ದಾಟಿ, ಕಿಟಕಿಯ ಕಟ್ಟೆಯ ಮೇಲೆ ಇಳಿದು ಕಂಬಿಗಳ ಕಡೆಗೆ ಹೊರಟಿತ್ತು. ಅವ್ವ ಸ್ವಲ್ಪ ದೂರದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದಳು. ಅದನ್ನು ಎರಡೂ ಕೈಯಿಂದ ಬಾಚಿ, ಗುದ್ದಿ, ಸಮಾಧಾನ ಮಾಡಿ ಪಾತ್ರೆಗೆ ತುಂಬುವಷ್ಟರಲ್ಲಿ ನನ್ನ ಮೊಣಕೈವರೆಗೆ ಮೈದಾ ಕವಚ ಕೂತಿತ್ತು.

ನಮ್ಮ ಮನೆಯಲ್ಲಿ ಓವನ್ ಇಲ್ಲ. ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಮೇಲೆ ತಟ್ಟೆ ಇಟ್ಟು ಬೇಯಿಸಬಹುದು ಎಂದು ಇನ್ನೊಂದು ವಿಡಿಯೋ ಹೇಳಿತು. ಹಾಗೆ ಮಾಡುವಾಗ ಮುಚ್ಚಳದ ರಬ್ಬರನ್ನೂ ವಿಷಲ್ಲನ್ನೂ ತೆಗೆದಿಡಬೇಕು ಎಂದೂ ಹೇಳಿತ್ತಂತೆ. ಅಷ್ಟು ಹೊತ್ತಿಗೆ ನಾನು ಮೊಬೈಲ್ ಕೆಳಗಿಟ್ಟಿದ್ದೆ. ಮೊದಲ ಪಿಜ್ಜಾ ಕುಕ್ಕರಿನೊಳಗೆ ಹೋಯಿತು. ಸುಟ್ಟ ರಬ್ಬರಿನ ವಾಸನೆ ಮನೆ ತುಂಬಿದಾಗ ಸವಿತಾ ಓಡಿ ಬಂದು ಒಲೆ ಆರಿಸಿದಳು. ತೆಗೆದು ನೋಡಿದರೆ ಅಡಿ ಸೀದಿತ್ತು, ಮೇಲೆ ಹಸಿಯಾಗಿತ್ತು. ನಡುವೆ ಎಲ್ಲೋ ಒಂದು ಪದರ ಬೆಂದಿರಬೇಕು, ಹುಡುಕಲಿಲ್ಲ.

"ಹೊಸ ರಬ್ಬರ್ ನೀವೇ ತಂದ್ಕೊಡ್ಬೇಕು," ಎಂದಳು ಸವಿತಾ. ಆಮೇಲೆ ಸ್ವಲ್ಪ ಕರಗಿ, "ಪಕ್ಕದ್ ಮನೆ ರತ್ನಕ್ಕನ್ ಅತ್ರ ಓವನ್ ಅದೆ. ಅಲ್ಲಿಗಾದ್ರೂ ತಗಂಡೋಗಿ," ಎಂದಳು.

ರತ್ನಕ್ಕ ಸಂತೆಮರಹಳ್ಳಿ ಕಡೆಯವರು. ಪಕ್ಕದ ಮನೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಹುಟ್ಟುಹಬ್ಬಕ್ಕೆ ಕೇಕ್ ಮಾಡಿಕೊಡುತ್ತಾರೆ. ಬಲು ಒಳ್ಳೆಯ ಹೆಂಗಸು, ಯಾರಿಗೂ ಇಲ್ಲ ಎನ್ನುವವರಲ್ಲ. ನಾನು ಉಳಿದ ಹಿಟ್ಟು ತಟ್ಟಿ, ಗೊಜ್ಜು ಬಳಿದು, ಈರುಳ್ಳಿ, ದಪ್ಪ ಮೆಣಸಿನಕಾಯಿ ಜೋಡಿಸಿ, ತುರಿದ ಚೀಸನ್ನು ಬೇರೆ ಬಟ್ಟಲಿಗೆ ಹಾಕಿಕೊಂಡು ಅವರ ಬಾಗಿಲಿಗೆ ಹೋದೆ. ಚೀಸನ್ನು ಒಳಗಿಡುವ ಮುಂಚೆ ಹಾಕಬೇಕು ಎಂದೆ. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡು ಬಂದಿದ್ದರೆ ಈ ಬರಹ ಬರೆಯುವ ಪ್ರಮೇಯವೇ ಇರಲಿಲ್ಲ. ಆದರೆ ಮಾಡಿದ ಸಾಧನೆಯನ್ನು ಯಾರಿಗಾದರೂ ಹೇಳಬೇಡವೇ?

"ಒಂದ್ ವಿಷ್ಯ ರತ್ನಕ್ಕ. ಇದ್ಕೆ ಟೊಮೆಟೊ ಸಾಸ್ ಇಲ್ಲ," ಎಂದೆ.

"ಇಲ್ವಾ?" ಎಂದರು ಅವರು ತಟ್ಟೆಯನ್ನು ನೋಡುತ್ತಾ.

"ಇಲ್ಲ." ಎದೆ ಸ್ವಲ್ಪ ಮುಂದೆ ಬಂದಿತ್ತು.

"ಅಯ್ಯೋ, ಅದನ್ನೇಳಕ್ಕೆ ಯಾಕಣ್ಣ ಇಷ್ಟ್ ಸಂಕೋಚ? ನಾನ್ ನೋಡ್ಕತೀನಿ ಬುಡಿ. ನೀವ್ ಓಗಿರಿ, ಬೆಂದ ಮ್ಯಾಲೆ ಕರೀತೀನಿ."

ಎಷ್ಟು ಒಳ್ಳೆಯವರು ಎಂದುಕೊಂಡು ಮನೆಗೆ ಬಂದೆ. ಅವರು ಕರೆದಾಗ ಹೋಗಿ ತಂದೆ. ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಅಂಚು ಹೊಂಬಣ್ಣ, ಮೇಲೆಲ್ಲ ಚೀಸು ಕರಗಿ ಗುಳ್ಳೆ ಗುಳ್ಳೆಯಾಗಿ ಕೂತಿದೆ, ಕೆಳಗಿರುವುದು ಒಂದೂ ಕಾಣುವುದಿಲ್ಲ. ಸಾಕ್ಷಾತ್ ಪಿಜ್ಜಾ!

ಅವ್ವ ಕೈಕಾಲು ತೊಳೆದು ಬಂದು ಚಾಪೆಯ ಮೇಲೆ ಕೂತಳು. ತಟ್ಟೆ ಮುಂದಿಟ್ಟರೆ ಮುಟ್ಟಲಿಲ್ಲ.

"ಟಮಟೆ ಇಲ್ಲ ತಾನೆ ಮಗ?"

"ಇಲ್ಲ ಕನವ್ವ."

"ಸರ್ಯಾಗೇಳು."

"ಮಾದಪ್ಪನಾಣೆಗೂ ಇಲ್ಲ," ಎಂದೆ. ನಮ್ಮಲ್ಲಿ ಮಾದಪ್ಪನ ಮೇಲೆ ಆಣೆ ಹಾಕಿದ ಮೇಲೆ ಇನ್ನು ಮಾತಿಲ್ಲ.

ಅವ್ವ ಒಂದು ತುಂಡು ಎತ್ತಿದಳು. ಚೀಸು ಎಳೆ ಎಳೆಯಾಗಿ ಮೇಲಕ್ಕೆ ಬಂತು. ಇನ್ನಷ್ಟು ಎತ್ತಿದಳು, ಎಳೆ ಇನ್ನಷ್ಟು ಬಂತು. "ಅದೇ ಕಣ್ಲಾ, ನೂಲು," ಎಂದು ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಆ ನಗು ನೋಡಿ ನನಗೆ ಗುಂಡ್ಲುಪೇಟೆಯ ಬಿಸಿಲು, ಹಿಟ್ಟಿನ ಕಾಟ, ಸುಟ್ಟ ರಬ್ಬರು ಎಲ್ಲ ಮರೆತೇ ಹೋಯಿತು. ಆಮೇಲೆ ಅವಳು ಕಚ್ಚಿದಳು. ಅಗಿದಳು. ಅಗಿಯುವುದು ಸ್ವಲ್ಪ ನಿಧಾನವಾಯಿತು.

"ಎಂಗದವ್ವ?"

"ಉಳಿ ಅದೆ."

"ಹುಣಸೆಹಣ್ಣು ಕನವ್ವ."

"ಸೀನೂ ಅದೆ."

"ಬೆಲ್ಲ ಹಾಕಿದ್ದೀನಿ."

"ಇನ್ನೂ ಏನೋ ಅದೆ."

"ಅದು ಪಿಜ್ಜಾದ್ ರುಚಿ ಕನವ್ವ. ಹೊಸ್ದಲ್ವಾ, ನಾಲ್ಗೆಗೆ ಒಗ್ಗಕ್ಕೆ ಹೊತ್ ಹಿಡೀತದೆ."

ಅವ್ವ ಆ ತುಂಡನ್ನು ಅಂಚಿನವರೆಗೂ ಬಿಡದೆ ತಿಂದಳು. ನಡುವೆ ನೀರು ಕುಡಿದಳು. ಇನ್ನೊಂದು ಹಾಕಲೇ ಎಂದು ಕೇಳಿದೆ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಆಕು," ಎಂದಳು. ಎರಡನೆಯದನ್ನೂ ತಿಂದಳು. ನನಗೆ ಆದ ಸಂತೋಷವನ್ನು ಹೇಳಲಾರೆ. ಅವ್ವ ಬೇಕು ಎಂದಳು, ನಾನು ಮಾಡಿ ಹಾಕಿದೆ, ಅವ್ವ ತಿಂದಳು. ಮಗನಾಗಿ ಹುಟ್ಟಿದ್ದು ಸಾರ್ಥಕವಾಯಿತು ಎಂದುಕೊಂಡೆ.

ಅಷ್ಟರಲ್ಲಿ ಸವಿತಾ ಒಂದು ತುಂಡು ಬಾಯಿಗಿಟ್ಟಳು. ಕಚ್ಚಿದವಳು ಹಾಗೇ ನಿಂತಳು. ನನ್ನ ಕಡೆ ಕಣ್ಣು ದೊಡ್ಡದು ಮಾಡಿದಳು. ಮೆಚ್ಚಿಕೊಂಡಳು ಎಂದು ನಾನು ತಲೆ ತೂಗಿದೆ. ಹುಬ್ಬು ಎತ್ತಿ ಅವ್ವನ ಕಡೆ ತೋರಿಸಿದಳು. ಹೌದು, ಅವ್ವನಿಗೂ ಹಿಡಿಸಿದೆ ಎಂದು ನಾನೂ ಹುಬ್ಬು ಎತ್ತಿದೆ. ಕೊನೆಗೆ ಅವಳು ನನ್ನ ಕಾಲು ತುಳಿದಳು.

"ಯಾಕೆ ಕಾಲ್ ತುಳೀತೀಯೆ?" ಎಂದು ಜೋರಾಗಿಯೇ ಕೇಳಿದೆ.

ಅವಳು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ರತ್ನಕ್ಕ ನಿಂತಿದ್ದರು. "ಎಂಗ್ ಬಂದಿತ್ತಣ್ಣ? ಸಾಸ್ ಇಲ್ಲ ಅಂದ್ರಲ್ಲ, ನಮ್ಮನೇಲಿ ಇತ್ತು. ಧಾರಾಳ್ವಾಗೇ ಹಾಕ್ದೆ. ದೊಡ್ಡವ್ವಂಗೆ ಹಿಡಿಸ್ತಾ?"

ಅವ್ವನ ಕೈ ತಟ್ಟೆಯ ಮೇಲೆ ನಿಂತಿತು. "ಯಾತರ ಸಾಸಮ್ಮಿ?"

"ಟಮಟೇದು ದೊಡ್ಡವ್ವ."

ನಮ್ಮ ಕಡೆ ಯಾರೂ ಯಾರ ಮನೆ ಬಾಗಿಲಲ್ಲೂ ಕೊಡಿ ಎಂದು ಕೇಳುವುದಿಲ್ಲ. ಕಾಫಿಪುಡಿ ಇಲ್ಲ ಎನ್ನುತ್ತಾರೆ, ಒಂದು ಲೋಟ ಕಾಫಿಪುಡಿ ಬರುತ್ತದೆ. ಸಕ್ಕರೆ ಇಲ್ಲ ನೋಡಿ ಎನ್ನುತ್ತಾರೆ, ಸಕ್ಕರೆ ಬರುತ್ತದೆ. ಹುಟ್ಟಿದಾಗಿನಿಂದ ನಾನೂ ಹಾಗೇ ತಂದವನೇ. ನೆರೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತು, ಎರಡೆರಡು ಸಲ, ಟೊಮೆಟೊ ಸಾಸ್ ಇಲ್ಲ ಎಂದು ಹೇಳಿ ಬಂದಿದ್ದೆ. ಆ ತಾಯಿ ಇನ್ನೇನು ಮಾಡಬೇಕಿತ್ತು? ನನ್ನ ಗೊಜ್ಜಿನ ಮೇಲೆ ತಮ್ಮ ಸಾಸು ಬಳಿದು, ಅದರ ಮೇಲೆ ಚೀಸು ಹಾಕಿ ಮುಚ್ಚಿದ್ದರು.

ಸವಿತಾ ಕಾಶಿಯ ವಿಷಯವನ್ನು ಮೆಲ್ಲಗೆ ಹೇಳಿದಳು. ರತ್ನಕ್ಕನ ಮುಖ ಸುಣ್ಣವಾಯಿತು. "ನಂಗೊತ್ತಿರ್ನಿಲ್ಲ ದೊಡ್ಡವ್ವ, ತಪ್ಪಾಯ್ತು, ಒಟ್ಟೆಗಾಕ್ಕಳಿ," ಎಂದು ಅಳುವುದಕ್ಕೇ ಶುರು ಮಾಡಿದರು.

ಎಷ್ಟು ಮದುವೆಮನೆಯಲ್ಲಿ ಎಲೆಗೆ ಕೈ ಅಡ್ಡ ಹಿಡಿದು ಕಾಪಾಡಿಕೊಂಡು ಬಂದದ್ದನ್ನು ನಾನು ಒಂದು ಭಾನುವಾರ ಮಧ್ಯಾಹ್ನ, ಅದೂ ಮಾದಪ್ಪನ ಮೇಲೆ ಆಣೆ ಇಟ್ಟು, ಕೈಯಾರೆ ಕೆಡಿಸಿದ್ದೆ. ನಾಚಿಕೆಯಾಯಿತು. ಅವ್ವನ ಮುಖ ನೋಡುವ ಧೈರ್ಯವಾಗಲಿಲ್ಲ. "ಅವ್ವ, ಇನ್ನೊಂದ್ಸಲ ಕಾಶಿಗೋಗನ. ನಾನೇ ಕರ್ಕಂಡೋಯ್ತೀನಿ," ಎಂದೆ.

ಅವ್ವ ಎದ್ದಳು. ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು. ದೇವರ ಪಟದ ಮುಂದೆ ಹೋಗಿ ನಿಂತಳು. ನಾವು ಮೂವರೂ ಹಿಂದೆ ನಿಂತೆವು. ಅವಳು ಕೈ ಮುಗಿದು ಏನೋ ಗುನುಗಿದಳು, ತಿರುಗಿದಳು, ಬಂದು ಚಾಪೆಯ ಮೇಲೆ ಮೊದಲಿನ ಜಾಗದಲ್ಲೇ ಕೂತಳು. ತಟ್ಟೆಯಲ್ಲಿ ಉಳಿದಿದ್ದ ಪಿಜ್ಜಾವನ್ನು ಸ್ವಲ್ಪ ಹೊತ್ತು ನೋಡಿದಳು.

"ನೀನ್ಯಾಕಮ್ಮಿ ಅಳ್ತೀಯೆ? ಬಾ, ಕೂತ್ಕ," ಎಂದು ರತ್ನಕ್ಕನ ಕೈ ಹಿಡಿದು ಕೂರಿಸಿಕೊಂಡಳು. "ಅವತ್ತು ಗಂಗೇಲಿ ನಿಂತಾಗ ಏನಂದ್ರು? ಇಷ್ಟವಾದ್ದ ಬುಡಿ ಅಂದ್ರು. ಆಸೆಬಿದ್ದು ರುಚಿಗೆ ಅಂತ ತಿಂದಿದ್ರೆ ದೋಸ. ನಾನು ರುಚಿಗ್ ತಿಂದ್ನಾ? ಎರಡ್ ತುಂಡೂವೆ ಇವನ್ ಮೊಕ ನೋಡ್ಕಂಡು ನುಂಗ್ದೆ ಕಣಮ್ಮಿ."

"ಅಂಗಾರೆ ದೋಸ ಇಲ್ವಾ ಅತ್ತೆ?" ಎಂದಳು ಸವಿತಾ. ಅವಳು ಆಗಲೇ ನಗು ತಡೆದುಕೊಳ್ಳುತ್ತಿದ್ದಳು.

"ಎಲ್ಲಿ ಬತ್ತದೆ? ನಿಂಗೆ ಅನ್ಮಾನ ಇದ್ರೆ ದೇವ್ರಿಗೇ ಒಂದ್ ತುಂಡು ಎಡೆ ಇಡು. ಅವನೂ ಬಾಯಿಗ್ ಹಾಕ್ಕಂಡ್ ನೋಡ್ಲಿ. ಇದನ್ನ ಎಂಗ್ ತಿಂದ್ಯವ್ವ ತಾಯಿ ಅಂತ ಅವನೇ ಅಂತಾನೆ."

ರತ್ನಕ್ಕ ಕಣ್ಣೀರು ಒರೆಸಿಕೊಳ್ಳುತ್ತಲೇ ನಕ್ಕುಬಿಟ್ಟರು. ಸವಿತಾ ಗೋಡೆಯ ಕಡೆ ತಿರುಗಿಕೊಂಡಳು, ಅವಳ ಬೆನ್ನು ಕುಲುಕುತ್ತಿತ್ತು. ಅವ್ವನ ನೇಮ ಉಳಿಯಿತಲ್ಲ ಎಂದು ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂತು. ಅದನ್ನು ಉಳಿಸಿದ್ದು ನನ್ನ ಕೈರುಚಿ ಎಂಬುದು ತಲೆಗೆ ಹೋಗುವುದಕ್ಕೆ ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.